ಕಾಲಿಗೆ ನೆಲ ತಿಳಿಯದಾದಾಗ

ಮನುಷ್ಯನ ದೇಹದ ಅತಿ ಉದ್ದದ ನರಗಳು ಸೊಂಟದ ಭಾಗದಿಂದ ಹೊರಟು ಕಾಲ್ಬೆರಳುಗಳ ತುದಿಯವರೆಗೆ ಸುಮಾರು ಒಂದು ಮೀಟರ್ ದೂರ ಸಾಗುವುದರಿಂದ, ಪೋಷಕಾಂಶದ ಕೊರತೆಯಿಂದ ನರಗಳಿಗಾಗುವ ಹಾನಿ ಬಹುತೇಕ ಮೊದಲು ಪಾದದಲ್ಲಿಯೇ ಕಾಣಿಸಿಕೊಳ್ಳುತ್ತದೆ. ಅಂಗಾಲು ಜೋಮು ಹಿಡಿಯುವುದು, ಇರುವೆ ಹರಿದಾಡಿದಂತೆ ಜುಮುಗುಡುವುದು, ರಾತ್ರಿ ಮಲಗಿದ ಮೇಲೆ ಉರಿ ಹೆಚ್ಚುವುದು, ಚಪ್ಪಲಿ ಕಾಲಿನಿಂದ ಜಾರಿದ್ದು ಗೊತ್ತೇ ಆಗದಿರುವುದು, ಕತ್ತಲಲ್ಲಿ ಎದ್ದು ನಡೆಯುವಾಗ ಮೈ ಓಲಾಡುವುದು ಇವೆಲ್ಲ ಅದರ ಲಕ್ಷಣಗಳು. ಮೆದುಳು ಮತ್ತು ಬೆನ್ನುಹುರಿಯಿಂದ ಹೊರಬಂದು ಕೈಕಾಲುಗಳಿಗೆ ಹರಡಿರುವ ನರಗಳು ಹೀಗೆ ಹಾಳಾಗುವುದನ್ನು ವೈದ್ಯರು ಪೆರಿಫೆರಲ್ ನ್ಯೂರೋಪತಿ ಎನ್ನುತ್ತಾರೆ. ಇದಕ್ಕೆ ಕಾರಣಗಳು ಹತ್ತಾರಿದ್ದರೂ, ಅಗ್ಗದ ರಕ್ತಪರೀಕ್ಷೆಯಿಂದ ಪತ್ತೆಯಾಗಿ, ಅಗ್ಗದ ಔಷಧದಿಂದ ತಡೆಯಬಹುದಾದ ಕಾರಣಗಳು ಕೆಲವೇ ಇವೆ, ಮತ್ತು ಅವುಗಳಲ್ಲಿ ಮುಖ್ಯವಾದದ್ದು ವಿಟಮಿನ್ ಬಿ12ರ ಕೊರತೆ.

ಈ ಕೊರತೆ ಕಣ್ತಪ್ಪಿ ಉಳಿಯುವುದು ಹೇಗೆಂಬುದನ್ನು ಮುಂಬಯಿ ಬಳಿಯ ಒಂದು ಊರಿನಿಂದ ನೋಡಬಹುದು. ಠಾಣೆ ಮಹಾನಗರಪಾಲಿಕೆಗೆ ಸೇರಿದ ಮುಂಬ್ರಾ, ಒಂದು ಬದಿಗೆ ಪಾರಸಿಕ್ ಬೆಟ್ಟ, ಇನ್ನೊಂದು ಬದಿಗೆ ಖಾಡಿ (ಸಮುದ್ರದ ಹಿನ್ನೀರು), ನಡುವೆ ಮಧ್ಯ ರೈಲ್ವೆಯ ಹಳಿ ಎಂಬಂತೆ ಇಕ್ಕಟ್ಟಿನಲ್ಲಿ ಬೆಳೆದ ಊರು. 1992-93ರ ಮುಂಬಯಿ ಗಲಭೆಗಳ ನಂತರ ನಗರದೊಳಗಿನ ಬಡ ಮತ್ತು ಮಧ್ಯಮ ವರ್ಗದ ಮುಸ್ಲಿಂ ಕುಟುಂಬಗಳು ದೊಡ್ಡ ಸಂಖ್ಯೆಯಲ್ಲಿ ಇಲ್ಲಿಗೂ ಪಕ್ಕದ ಕೌಸಾಕ್ಕೂ ಬಂದು ನೆಲೆಸಿದ್ದರಿಂದ ಅದು ಕೆಲವೇ ವರ್ಷಗಳಲ್ಲಿ ದಟ್ಟ ನಗರವಾಯಿತು. ಇದೇ ರೈಲು ಮಾರ್ಗದ ಕಳವಾ, ದಿವಾ, ಡೊಂಬಿವಲಿ, ಕಲ್ಯಾಣಗಳಲ್ಲಿ ಮತ್ತು ಖಾಡಿಯಾಚೆಯ ನವಿ ಮುಂಬಯಿಯಲ್ಲಿ ಕನ್ನಡ, ತುಳು ಮಾತನಾಡುವ ಕುಟುಂಬಗಳಿವೆ. ಅವರಲ್ಲಿ ಕರಾವಳಿಯಿಂದ ಹೋಟೆಲ್ ಕೆಲಸಕ್ಕೆಂದು ಬಂದವರ ಮಕ್ಕಳು ಮೊಮ್ಮಕ್ಕಳೂ ಇದ್ದಾರೆ, ಕಲಬುರಗಿ, ವಿಜಯಪುರದ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರೂ ಇದ್ದಾರೆ. ಇವರೆಲ್ಲರ ಊಟ ಬೇರೆ ಬೇರೆಯಾದರೂ ಕಾಲಿನ ಜೋಮಿಗೆ ಕೊಡುವ ಕಾರಣ ಮಾತ್ರ ಒಂದೇ ಆಗಿರುತ್ತದೆ: ಇಡೀ ದಿನ ನಿಂತು ದುಡಿದದ್ದು, ಲೋಕಲ್ ರೈಲಿನಲ್ಲಿ ನಿಂತೇ ಬಂದದ್ದು, ಮತ್ತು ವಯಸ್ಸು. ಆ ಕಾರಣ ಹಲವು ಸಲ ನಿಜವೂ ಆಗಿರುತ್ತದೆ ಎಂಬುದೇ ತೊಂದರೆ. ದಣಿವಿನ ನೋವು ರಾತ್ರಿಯ ನಿದ್ದೆಯ ನಂತರ ಇಳಿಯುತ್ತದೆ; ನರದ ಹಾನಿ ಹಾಗಲ್ಲ, ಅದು ಎರಡೂ ಪಾದಗಳಲ್ಲಿ ಸಮನಾಗಿ ಆರಂಭವಾಗಿ, ತಿಂಗಳುಗಟ್ಟಲೆ ಬಿಡದೆ, ಬೆರಳಿನಿಂದ ಹರಡಿಗೆ, ಹರಡಿನಿಂದ ಮೀನಖಂಡಕ್ಕೆ ಮೆಲ್ಲಗೆ ಏರುತ್ತದೆ, ಮೊಣಕಾಲಿನ ಹತ್ತಿರಕ್ಕೆ ಬರುವ ಹೊತ್ತಿಗೆ ಕೈಬೆರಳುಗಳಲ್ಲಿಯೂ ಕಾಣಿಸಿಕೊಳ್ಳತೊಡಗುತ್ತದೆ.

ಬಿ12 ಎಂಬುದು ಒಡಲಿನಲ್ಲಿ ಕೋಬಾಲ್ಟ್ ಎಂಬ ಲೋಹದ ಒಂದು ಪರಮಾಣುವನ್ನು ಇಟ್ಟುಕೊಂಡಿರುವ ದೊಡ್ಡ ಅಣು. ಆದ್ದರಿಂದಲೇ ಅದಕ್ಕೆ ಕೋಬಾಲಮಿನ್ ಎಂಬ ಹೆಸರೂ ಇದೆ. 1948ರಲ್ಲಿ ಅಮೆರಿಕ ಮತ್ತು ಇಂಗ್ಲೆಂಡಿನ ಎರಡು ತಂಡಗಳು ಅದನ್ನು ಶುದ್ಧ ರೂಪದಲ್ಲಿ ಬೇರ್ಪಡಿಸಿದವು, ಮತ್ತು 1950ರ ದಶಕದ ನಡುವಿನಲ್ಲಿ ಡೊರೊಥಿ ಹಾಜ್‌ಕಿನ್ ಕ್ಷ-ಕಿರಣಗಳ ನೆರವಿನಿಂದ ಅದರ ರಚನೆಯನ್ನು ಬಿಡಿಸಿ, ಇಂಥ ಕೆಲಸಗಳಿಗಾಗಿ 1964ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ಪಡೆದರು. ಈ ವಿಟಮಿನ್ನನ್ನು ಗಿಡಮರಗಳಾಗಲಿ ಪ್ರಾಣಿಗಳಾಗಲಿ ತಯಾರಿಸಲಾರವು. ಅದು ಬ್ಯಾಕ್ಟೀರಿಯಾಗಳ ಸೃಷ್ಟಿ. ಹಸು, ಎಮ್ಮೆ, ಕುರಿಗಳ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ತಯಾರಿಸಿದ್ದು ಹಾಲು ಮಾಂಸಗಳ ಮೂಲಕ ಮನುಷ್ಯನಿಗೆ ತಲುಪುತ್ತದೆ. ವಯಸ್ಕರಿಗೆ ದಿನಕ್ಕೆ ಬೇಕಾದದ್ದು ಎರಡರಿಂದ ಎರಡೂವರೆ ಮೈಕ್ರೋಗ್ರಾಂ ಮಾತ್ರ, ಅಂದರೆ ಒಂದು ಗ್ರಾಮಿನ ಹತ್ತು ಲಕ್ಷದ ಎರಡು ಭಾಗದಷ್ಟು. ಆರೋಗ್ಯವಂತನ ದೇಹದಲ್ಲಿ, ಬಹುಪಾಲು ಯಕೃತ್ತಿನಲ್ಲಿ, ಇದಕ್ಕಿಂತ ಸಾವಿರಾರು ಪಟ್ಟು ದಾಸ್ತಾನು ಇರುವುದರಿಂದ ಆಹಾರದಲ್ಲಿ ಕೊರತೆ ಆರಂಭವಾದ ಎಷ್ಟೋ ವರ್ಷಗಳ ಮೇಲೆ ಕಾಯಿಲೆ ಕಾಣಿಸುತ್ತದೆ, ಮತ್ತು ಆ ಹೊತ್ತಿಗೆ ಊಟಕ್ಕೂ ಕಾಲಿಗೂ ಸಂಬಂಧ ಕಲ್ಪಿಸುವುದು ಯಾರಿಗೂ ಹೊಳೆಯುವುದಿಲ್ಲ.

ದೇಹದೊಳಗೆ ಇದು ಎರಡೇ ರಾಸಾಯನಿಕ ಕ್ರಿಯೆಗಳಿಗೆ ನೆರವಾಗುತ್ತದೆಯಾದರೂ ಆ ಎರಡೂ ಮೂಲಭೂತವಾದವು. ಮೊದಲನೆಯದು ಹೋಮೋಸಿಸ್ಟೀನ್ ಎಂಬ ಅಮೈನೋ ಆಮ್ಲವನ್ನು ಮೆಥಿಯೋನಿನ್ ಆಗಿ ಮಾರ್ಪಡಿಸುವ ಕ್ರಿಯೆ. ಇದು ಫೋಲಿಕ್ ಆಮ್ಲದ ಜೊತೆ ಸೇರಿ ನಡೆಯುತ್ತದೆ, ಮತ್ತು ರಕ್ತಕಣಗಳಂತೆ ವೇಗವಾಗಿ ಹುಟ್ಟುವ ಕೋಶಗಳ ಡಿಎನ್‌ಎ ತಯಾರಿಕೆ ಇದನ್ನೇ ಅವಲಂಬಿಸಿದೆ. ಎರಡನೆಯದು ಕೆಲವು ಕೊಬ್ಬಿನಾಮ್ಲಗಳನ್ನು ಕರಗಿಸುವ ಕ್ರಿಯೆ. ಇದು ನಿಂತಾಗ ಮೀಥೈಲ್‌ಮೆಲೋನಿಕ್ ಆಮ್ಲ ಎಂಬ ವಸ್ತು ರಕ್ತದಲ್ಲಿ ಶೇಖರವಾಗುತ್ತದೆ. ನರತಂತುಗಳ ಸುತ್ತ ಮಯಲಿನ್ ಎಂಬ ಕೊಬ್ಬಿನಂಶದ ಹೊದಿಕೆ ಇರುತ್ತದೆ. ಸಂಕೇತಗಳು ವೇಗವಾಗಿ ಸಾಗುವುದು ಅದು ಸುಸ್ಥಿತಿಯಲ್ಲಿದ್ದಾಗ ಮಾತ್ರ. ಬಿ12 ಇಲ್ಲದಾಗ ಈ ಹೊದಿಕೆ ಊದಿಕೊಂಡು, ಪದರ ಬಿಚ್ಚಿ, ಕೊನೆಗೆ ಒಳಗಿನ ತಂತುವೇ ನಾಶವಾಗುತ್ತದೆ. ಕೈಕಾಲಿನ ನರಗಳಷ್ಟೇ ಅಲ್ಲದೆ ಬೆನ್ನುಹುರಿಯ ಹಿಂಭಾಗದ ಪಟ್ಟಿಗಳೂ ಹಾಳಾಗುವುದು ಈ ಕೊರತೆಯ ವಿಶೇಷ. ಕಾಲು ಎಲ್ಲಿದೆ, ಯಾವ ಕೋನದಲ್ಲಿದೆ ಎಂಬ ಸುದ್ದಿಯನ್ನು ಮೆದುಳಿಗೆ ಒಯ್ಯುವ ಪಟ್ಟಿಗಳು ಅವು. ಇಂಗ್ಲೆಂಡಿನ ರಸೆಲ್, ಬ್ಯಾಟನ್ ಮತ್ತು ಕೊಲಿಯರ್ ಎಂಬ ಮೂವರು ವೈದ್ಯರು 1900ರಲ್ಲಿಯೇ ಈ ಸ್ಥಿತಿಯನ್ನು ವಿವರಿಸಿದ್ದರು, ಆದರೆ ಅದಕ್ಕೆ ಕಾರಣವಾದ ವಿಟಮಿನ್ ಸಿಗಲು ಇನ್ನೂ ಸುಮಾರು ಅರ್ಧ ಶತಮಾನ ಬೇಕಾಯಿತು. ಇಂಥ ರೋಗಿ ಕಣ್ಣು ತೆರೆದಿರುವವರೆಗೆ ನೆಟ್ಟಗೆ ನಿಲ್ಲಬಲ್ಲ; ಕಣ್ಣು ಮುಚ್ಚಿದೊಡನೆ, ಬೆಳಿಗ್ಗೆ ಮುಖ ತೊಳೆಯಲು ಬಗ್ಗಿದಾಗ, ವಿದ್ಯುತ್ ಹೋದಾಗ, ಓಲಾಡಿ ಬೀಳುತ್ತಾನೆ. ನೆಲ ಗಟ್ಟಿಯಿಲ್ಲ, ಹತ್ತಿಯ ಮೇಲೆ ನಡೆದಂತಾಗುತ್ತದೆ ಎಂದು ಹಲವರು ವೈದ್ಯರ ಮುಂದೆ ಹೇಳಿಕೊಳ್ಳುವುದು ಇದನ್ನೇ.

ಈ ಕಾಯಿಲೆಯ ಇತಿಹಾಸದ ಒಂದು ಮುಖ್ಯ ಅಧ್ಯಾಯ ನಡೆದದ್ದು ಮುಂಬಯಿಯಲ್ಲಿ, ಮುಂಬ್ರಾದಿಂದ ರೈಲಿನಲ್ಲಿ ಒಂದು ಗಂಟೆಯೊಳಗೆ ತಲುಪಬಹುದಾದ ಪರೇಲ್‌ನ ಹಾಫ್‌ಕಿನ್ ಸಂಸ್ಥೆಯಲ್ಲಿ. ಬಟ್ಟೆ ಗಿರಣಿಗಳ ಕಾಲದ ಆ ನಗರದಲ್ಲಿ ಗರ್ಭಿಣಿಯರು ತೀವ್ರ ರಕ್ತಹೀನತೆಯಿಂದ ಸಾಯುತ್ತಿದ್ದುದರ ಕಾರಣ ಹುಡುಕಲು ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ 1928ರಲ್ಲಿ ಇಲ್ಲಿಗೆ ಬಂದರು. ಬೇರೆ ಬೇರೆ ಸಮುದಾಯಗಳ ಹೆಂಗಸರು ಏನು ತಿನ್ನುತ್ತಾರೆ, ಅವರಲ್ಲಿ ಯಾರಿಗೆ ಕಾಯಿಲೆ ಬರುತ್ತದೆ ಎಂಬುದನ್ನು ಹೋಲಿಸಿ ನೋಡಿದ ಅವರಿಗೆ, ಅತ್ಯಂತ ಕಳಪೆ ಆಹಾರವೂ ಅತ್ಯಂತ ಹೆಚ್ಚು ರಕ್ತಹೀನತೆಯೂ ಬಡ ಮುಸ್ಲಿಂ ಹೆಂಗಸರಲ್ಲಿ ಒಟ್ಟಿಗೆ ಇರುವುದು ಕಂಡುಬಂತು. ಇಂಗ್ಲೆಂಡಿನಲ್ಲಿ ಬ್ರೆಡ್ಡಿಗೆ ಸವರಿ ತಿನ್ನುವ ಮಾರ್ಮೈಟ್ ಎಂಬ ಯೀಸ್ಟ್ ಸಾರವನ್ನು ಕೊಟ್ಟಾಗ ಆ ಹೆಂಗಸರು ಚೇತರಿಸಿಕೊಂಡರು, ಮತ್ತು ಆ ಫಲಿತಾಂಶ 1931ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಯೀಸ್ಟಿನಲ್ಲಿದ್ದ ಆ ಗುಣಕಾರಿ ವಸ್ತು ಬಹುಕಾಲ ವಿಲ್ಸ್ ಅಂಶ ಎಂದೇ ಕರೆಸಿಕೊಂಡು, ಮುಂದೆ ಫೋಲಿಕ್ ಆಮ್ಲ ಎಂದು ಗುರುತಿಸಲ್ಪಟ್ಟಿತು. ಅದನ್ನು 1940ರ ದಶಕದಲ್ಲಿ ಪ್ರಯೋಗಾಲಯದಲ್ಲಿ ತಯಾರಿಸಿದ್ದು ಅಮೆರಿಕದ ಲೆಡರ್ಲೆ ಕಂಪನಿಯಲ್ಲಿ ಆಂಧ್ರ ಮೂಲದ ಯಲ್ಲಾಪ್ರಗಡ ಸುಬ್ಬರಾವ್ ನೇತೃತ್ವದ ತಂಡ.

ನರಗಳ ವಿಷಯಕ್ಕೆ ಈ ಕಥೆ ಬೇಕಾಗುವುದು ಅದರ ಮುಂದಿನ ತಿರುವಿಗಾಗಿ. ಫೋಲಿಕ್ ಆಮ್ಲ ಮಾತ್ರೆಯಾಗಿ ಸಿಗತೊಡಗಿದಾಗ ಬಿ12 ಹೀರಿಕೊಳ್ಳಲಾಗದ ರೋಗಿಗಳಿಗೂ ಅದನ್ನೇ ಕೊಡಲಾಯಿತು. ಅವರ ರಕ್ತ ಸುಧಾರಿಸಿತು, ಮುಖಕ್ಕೆ ಕೆಂಪು ಬಂತು, ಆದರೆ ಕೈಕಾಲುಗಳ ಮರಗಟ್ಟುವಿಕೆ ಮುಂದುವರಿಯಿತು, ಕೆಲವರಲ್ಲಿ ಇನ್ನೂ ಬಿಗಡಾಯಿಸಿತು. ರಕ್ತದ ಕೆಲಸವನ್ನು ಒಂದು ಮಟ್ಟಕ್ಕೆ ಫೋಲಿಕ್ ಆಮ್ಲ ತಾನೇ ನಡೆಸಿಕೊಂಡು ಹೋಗಬಲ್ಲದು, ನರದ ಕೆಲಸವನ್ನಲ್ಲ. ಹೀಗಾಗಿ ಹಿಮೋಗ್ಲೋಬಿನ್ ಸರಿಯಿದೆ ಎಂಬ ಒಂದೇ ಆಧಾರದ ಮೇಲೆ ನರಗಳು ಸುರಕ್ಷಿತವೆಂದು ನಂಬುವಂತಿಲ್ಲ. ಅಮೆರಿಕದ ಲಿಂಡನ್‌ಬಾಮ್ ಮತ್ತು ಸಂಗಡಿಗರು 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬಿ12 ಕೊರತೆಯಿಂದ ನರ ಅಥವಾ ಮನಸ್ಸಿನ ತೊಂದರೆಗೆ ಒಳಗಾದ 141 ಜನರಲ್ಲಿ 40 ಮಂದಿಗೆ ರಕ್ತಹೀನತೆಯಾಗಲಿ ರಕ್ತಕಣಗಳ ಗಾತ್ರದಲ್ಲಿ ಬದಲಾವಣೆಯಾಗಲಿ ಇರಲಿಲ್ಲ. ಭಾರತದಲ್ಲಿ ಇನ್ನೊಂದು ತೊಡಕೂ ಸೇರಿಕೊಳ್ಳುತ್ತದೆ: ಬಿ12 ಕೊರತೆ ರಕ್ತಕಣಗಳನ್ನು ದೊಡ್ಡದಾಗಿಸಿದರೆ ಕಬ್ಬಿಣದ ಕೊರತೆ ಅವುಗಳನ್ನು ಚಿಕ್ಕದಾಗಿಸುತ್ತದೆ, ಎರಡೂ ಒಟ್ಟಿಗೆ ಇರುವ ದೇಹದಲ್ಲಿ ಸರಾಸರಿ ಗಾತ್ರ ಸಹಜವಾಗಿಯೇ ಕಂಡು ವರದಿ ನೋಡಿದವರನ್ನು ದಾರಿ ತಪ್ಪಿಸುತ್ತದೆ.

ಯಾರಿಗೆ ಬರುತ್ತದೆ

ಶಾಕಾಹಾರಿಗಳಿಗೆ ಮಾತ್ರ ಬರುವ ಕೊರತೆ ಇದು ಎಂಬ ಅಭಿಪ್ರಾಯ ಅರ್ಧ ಸರಿ. ಪುಣೆಯ ಕೆಇಎಂ ಆಸ್ಪತ್ರೆಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಸಂಗಡಿಗರು ಪುಣೆಯ ಮತ್ತು ಸುತ್ತಲಿನ ಹಳ್ಳಿಗಳ 441 ಗಂಡಸರ ರಕ್ತ ಪರೀಕ್ಷಿಸಿ 2006ರಲ್ಲಿ ಪ್ರಕಟಿಸಿದ ಫಲಿತಾಂಶದ ಪ್ರಕಾರ ಶೇ 67ರಷ್ಟು ಮಂದಿಯಲ್ಲಿ ಬಿ12 ಕಡಿಮೆಯಿತ್ತು, ಮತ್ತು ನಗರದ ಮಧ್ಯಮ ವರ್ಗದವರಲ್ಲಿ ಆ ಪ್ರಮಾಣ ಶೇ 81ಕ್ಕೆ ಏರಿತ್ತು. ಹೊಟ್ಟೆತುಂಬ ಉಣ್ಣುವ, ಆದರೆ ಹಾಲು ಮೊಸರನ್ನು ನಾಮಮಾತ್ರಕ್ಕೆ ಬಳಸುವ ಶಾಕಾಹಾರಿ ಮನೆಗಳ ಚಿತ್ರ ಅದು. ಮುಂಬಯಿಗೆ ಇಡ್ಲಿ, ದೋಸೆಗಳ ರುಚಿ ಹತ್ತಿಸಿದ ಉಡುಪಿ ಹೋಟೆಲುಗಳ ಅಡುಗೆಯಲ್ಲಿ ಬೇಳೆ, ಅಕ್ಕಿ, ತರಕಾರಿ, ತೆಂಗಿನಕಾಯಿಗಳಿಗೆ ಕೊರತೆಯಿಲ್ಲ, ಆದರೆ ಇವುಗಳಲ್ಲಿ ಯಾವುದರಲ್ಲಿಯೂ ಬಿ12 ಇಲ್ಲ. ಹಿಟ್ಟು ಹುಳಿ ಬರುವಾಗ ಹುಟ್ಟಿಕೊಳ್ಳುತ್ತದೆಂಬ ಮಾತನ್ನು ನೆಚ್ಚಿ ಕೂರುವಂತಿಲ್ಲ. ದೊಡ್ಡ ಲೋಟ ಹಾಲಿನಲ್ಲಿ ಸುಮಾರು ಒಂದು ಮೈಕ್ರೋಗ್ರಾಂ ಸಿಗುತ್ತದೆ, ಹಾಲನ್ನು ಬಹಳ ಹೊತ್ತು ಕುದಿಸಿದರೆ ಅದರಲ್ಲಿಯೂ ಒಂದು ಪಾಲು ನಷ್ಟ. ದಿನಕ್ಕೆ ನಾಲ್ಕೈದು ಅರ್ಧ ಲೋಟದ ಕಟಿಂಗ್ ಚಹಾ ಕುಡಿಯುವುದನ್ನು ಹಾಲು ಕುಡಿಯುವ ಲೆಕ್ಕಕ್ಕೆ ಸೇರಿಸುವವರು ಮುಂಬಯಿಯಲ್ಲಿ ಕಡಿಮೆಯೇನಿಲ್ಲ. ಇದಕ್ಕೆ ಹೋಲಿಸಿದರೆ ಬಂಗುಡೆ, ಮರುವಾಯಿಗಳನ್ನು ಊರಿನ ರೂಢಿಯಂತೆ ಈಗಲೂ ತಿನ್ನುವ ಕರಾವಳಿಯ ಮೀನುಪ್ರಿಯ ಮನೆಗಳು ಈ ವಿಷಯದಲ್ಲಿ ಅದೃಷ್ಟವಂತರು, ಏಕೆಂದರೆ ಮರುವಾಯಿಯಂಥ ಚಿಪ್ಪುಜೀವಿಗಳು ಮತ್ತು ಕುರಿ ಕೋಳಿಗಳ ಕಲೇಜಿ ಬಿ12ರ ಅತ್ಯಂತ ಸಮೃದ್ಧ ಮೂಲಗಳು.

ಮಾಂಸ ತಿನ್ನುವ ಸಮುದಾಯಕ್ಕೆ ಸೇರಿದ ಮಾತ್ರಕ್ಕೆ ಯಾರೂ ಸುರಕ್ಷಿತರಲ್ಲ. ಮುಂಬ್ರಾದಂಥ ಕಡೆ ಬಡ ಮನೆಯಲ್ಲಿ ಮಾಂಸ ಬೇಯುವುದು ವಾರಕ್ಕೊಮ್ಮೆಯೋ ಹಬ್ಬಕ್ಕೋ ಆದರೆ, ಬೆಂದದ್ದರಲ್ಲಿ ಹೆಂಗಸರ ತಟ್ಟೆಗೆ ಬರುವುದು ಎಷ್ಟು ಎಂಬುದು ಕೇಳಲೇಬೇಕಾದ ಪ್ರಶ್ನೆ. ಅದಕ್ಕಿಂತ ಮುಖ್ಯವಾಗಿ, ತಿಂದದ್ದು ಮೈಗೆ ಹತ್ತಲು ಹಲವು ಹಂತಗಳು ಸರಿಯಾಗಿ ನಡೆಯಬೇಕು. ಜಠರದ ಆಮ್ಲ ಬಿ12ನ್ನು ಆಹಾರದ ಪ್ರೋಟೀನಿನಿಂದ ಬಿಡಿಸಬೇಕು, ಜಠರದ ಗೋಡೆ ಸ್ರವಿಸುವ ಇಂಟ್ರಿನ್ಸಿಕ್ ಫ್ಯಾಕ್ಟರ್ ಎಂಬ ವಾಹಕ ಪ್ರೋಟೀನು ಅದನ್ನು ಹಿಡಿದುಕೊಳ್ಳಬೇಕು, ಆ ಜೋಡಿ ಸಣ್ಣ ಕರುಳಿನ ಕೊನೆಯ ಭಾಗ ತಲುಪಿ ಅಲ್ಲಿ ಹೀರಿಕೆಯಾಗಬೇಕು. ಜಠರದ ಕೋಶಗಳನ್ನು ದೇಹವೇ ನಾಶಮಾಡುವ ಪರ್ನಿಷಿಯಸ್ ಅನೀಮಿಯಾ ಎಂಬ ಕಾಯಿಲೆಯಲ್ಲಿ, ಜಠರ ಅಥವಾ ಕರುಳಿನ ಶಸ್ತ್ರಚಿಕಿತ್ಸೆಯ ನಂತರ, ವಯಸ್ಸಾದಂತೆ ಆಮ್ಲ ಕುಗ್ಗಿದಾಗ, ಈ ಸರಪಳಿ ಎಲ್ಲೋ ಒಂದು ಕಡೆ ಕಡಿಯುತ್ತದೆ. ಗ್ಯಾಸ್, ಎದೆಯುರಿ ಎಂದು ವರ್ಷಗಟ್ಟಲೆ ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ಗುಳಿಗೆಗಳನ್ನು ಬೆಳಗಿನ ಚಹಾದಷ್ಟೇ ನಿತ್ಯನೇಮದಿಂದ ತೆಗೆದುಕೊಳ್ಳುವವರಲ್ಲಿ ಆಮ್ಲ ಕಡಿಮೆಯಾಗಿ ಮೊದಲ ಹಂತಕ್ಕೆ ಅಡ್ಡಿಯಾಗುತ್ತದೆ.

ಇವೆಲ್ಲಕ್ಕಿಂತ ದೊಡ್ಡ ಗುಂಪು ಸಕ್ಕರೆ ಕಾಯಿಲೆಯವರದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನ ಸಮೀಕ್ಷೆಯೊಂದು 2023ರಲ್ಲಿ ದೇಶದಲ್ಲಿ ಹತ್ತು ಕೋಟಿಗೂ ಹೆಚ್ಚು ಜನರಿಗೆ ಮಧುಮೇಹವಿದೆಯೆಂದು ಅಂದಾಜಿಸಿತು, ಮತ್ತು ಅವರಲ್ಲಿ ಬಹುಮಂದಿಗೆ ಮೊದಲು ಬರೆದುಕೊಡುವ ಗುಳಿಗೆ ಮೆಟ್‌ಫಾರ್ಮಿನ್. ಅದು ಒಳ್ಳೆಯ ಔಷಧ, ಅಗ್ಗದ್ದು, ಬಿಡಬೇಕಾದ್ದಲ್ಲ; ಆದರೆ ಹೆಚ್ಚಿನ ಪ್ರಮಾಣದಲ್ಲಿ, ಹೆಚ್ಚು ವರ್ಷ ಸೇವಿಸಿದವರಲ್ಲಿ ಕರುಳು ಬಿ12 ಹೀರಿಕೊಳ್ಳುವುದನ್ನು ಕುಗ್ಗಿಸುತ್ತದೆ. ಬ್ರಿಟನ್ನಿನ ಔಷಧ ನಿಯಂತ್ರಣ ಸಂಸ್ಥೆ 2022ರಲ್ಲಿ, ಕೊರತೆಯ ಲಕ್ಷಣವಿರುವ ಮೆಟ್‌ಫಾರ್ಮಿನ್ ಸೇವಿಸುವವರೆಲ್ಲರ ಬಿ12 ಮಟ್ಟ ಪರೀಕ್ಷಿಸಬೇಕೆಂದು ವೈದ್ಯರಿಗೆ ಸೂಚಿಸಿತು. ಸಕ್ಕರೆಯೂ ತಾನೇ ನರಗಳನ್ನು ಹಾಳುಮಾಡುವುದರಿಂದ ಇಲ್ಲಿ ಗೊಂದಲ ಸುಲಭವಾಗಿ ಹುಟ್ಟುತ್ತದೆ: ಪಾದ ಉರಿಯುತ್ತದೆ ಎಂದ ಮಧುಮೇಹಿಗೆ ಅದು ಸಕ್ಕರೆಯಿಂದಲೇ ಎಂದು ಹೇಳಿ ಮಾತು ಮುಗಿಸಿದರೆ, ಸರಿಪಡಿಸಬಹುದಾಗಿದ್ದ ಅರ್ಧ ಕಾರಣ ಕೈತಪ್ಪಿ ಹೋಗುತ್ತದೆ.

ಬಿ ಗುಂಪಿನ ಬೇರೆ ಎರಡು ವಿಟಮಿನ್ನುಗಳನ್ನೂ ಇಲ್ಲಿ ಹೇಳಬೇಕು. ಬಿ1 ಅಥವಾ ಥಯಾಮಿನ್ ಕೊರತೆಯಿಂದ ಬರುವ ಬೆರಿಬೆರಿ, ಪಾಲಿಶ್ ಮಾಡಿದ ಅಕ್ಕಿಯನ್ನೇ ನೆಚ್ಚಿದ ಪ್ರದೇಶಗಳ ಕಾಯಿಲೆಯಾಗಿತ್ತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಹುಟ್ಟಿದ್ದೇ 1918ರಲ್ಲಿ ಕೂನೂರಿನಲ್ಲಿ ರಾಬರ್ಟ್ ಮೆಕ್‌ಕ್ಯಾರಿಸನ್ ಆರಂಭಿಸಿದ ಬೆರಿಬೆರಿ ವಿಚಾರಣೆಯಿಂದ. ಭತ್ತವನ್ನು ಬೇಯಿಸಿ ಒಣಗಿಸುವಾಗ ತೌಡಿನಲ್ಲಿರುವ ಥಯಾಮಿನ್ ಕಾಳಿನೊಳಕ್ಕೆ ಇಳಿಯುವುದರಿಂದ ಕರಾವಳಿಯ ಕುಚ್ಚಲಕ್ಕಿ ಉಣ್ಣುವವರು ಅದರಿಂದ ಬಹುಮಟ್ಟಿಗೆ ಪಾರಾದರು. ಇಂದು ನಗರಗಳಲ್ಲಿ ಈ ಕೊರತೆ ಕಾಣುವುದು ಮುಖ್ಯವಾಗಿ ಊಟ ಬಿಟ್ಟು ಮದ್ಯವನ್ನೇ ಹಿಡಿದವರಲ್ಲಿ. ಬಿ6 ಅಥವಾ ಪಿರಿಡಾಕ್ಸಿನ್ ಕೊರತೆ ಬರುವುದು ಹೆಚ್ಚಾಗಿ ಔಷಧದಿಂದ: ಕ್ಷಯರೋಗಕ್ಕೆ ಕೊಡುವ ಐಸೊನಿಯಜಿಡ್ ದೇಹದ ಪಿರಿಡಾಕ್ಸಿನ್ನನ್ನು ಬರಿದು ಮಾಡುತ್ತದೆ, ಆದ್ದರಿಂದ ಅದರ ಜೊತೆಗೆ ಬಿ6 ಗುಳಿಗೆ ಕೊಡುವುದು ರೂಢಿ. ಗಾಳಿಬೆಳಕು ಕಡಿಮೆಯಿರುವ ಖೋಲಿಗಳ, ಕ್ಷಯದ ಕಾಟ ತಪ್ಪದ ಈ ಪ್ರದೇಶದಲ್ಲಿ ಆ ಸಣ್ಣ ಗುಳಿಗೆಯನ್ನು ಶಕ್ತಿಯ ಮಾತ್ರೆಯೆಂದು ಉಪೇಕ್ಷಿಸುವುದು ದುಬಾರಿಯಾಗುತ್ತದೆ. ವಿಚಿತ್ರವೆಂದರೆ ಬಿ6 ಅತಿಯಾದರೂ ನರಗಳು ಕೆಡುತ್ತವೆ. ದಿನಕ್ಕೆ ಗ್ರಾಂಗಟ್ಟಲೆ ನುಂಗಿದ ಏಳು ಜನರ ಕೈಕಾಲು ಮರಗಟ್ಟಿದ್ದನ್ನು ಅಮೆರಿಕದ ವೈದ್ಯರು 1983ರಲ್ಲಿ ವರದಿ ಮಾಡಿದ್ದರು. ಇಡೀ ದೇಶವೇ ಇಂಥ ಕೊರತೆಗೆ ಸಿಕ್ಕಿದ್ದೂ ಉಂಟು: ಸೋವಿಯತ್ ಒಕ್ಕೂಟ ಕುಸಿದು ಆಹಾರದ ಪೂರೈಕೆ ಕುಗ್ಗಿದ ಕ್ಯೂಬಾದಲ್ಲಿ 1991ರಿಂದ ಮೂರು ವರ್ಷಗಳಲ್ಲಿ ಐವತ್ತು ಸಾವಿರಕ್ಕೂ ಹೆಚ್ಚು ಜನ ದೃಷ್ಟಿಯ ಅಥವಾ ಕೈಕಾಲಿನ ನರಗಳ ಹಾನಿಗೆ ಒಳಗಾದರು, ಮತ್ತು ಸರ್ಕಾರ ಇಡೀ ಜನಸಮುದಾಯಕ್ಕೆ ಬಿ ವಿಟಮಿನ್ ಮಾತ್ರೆ ಹಂಚಿದ ಮೇಲೆ ಪಿಡುಗು ಇಳಿಯಿತು.

ಪರೀಕ್ಷೆ, ಔಷಧ

ಜೋಮಿಗೆ ಬಿ12 ಒಂದೇ ಕಾರಣವಲ್ಲವಾದ್ದರಿಂದ ಪರೀಕ್ಷೆ ಅನಿವಾರ್ಯ. ಸಕ್ಕರೆ, ಥೈರಾಯ್ಡ್, ಮದ್ಯ, ಬೆನ್ನುಮೂಳೆಯ ಒತ್ತಡ ಇವನ್ನು ನೋಡಬೇಕು. ಚರ್ಮದ ಮೇಲೆ ಮುಟ್ಟಿದರೆ ತಿಳಿಯದ ಬಿಳಿಚಿದ ಮಚ್ಚೆಯಿದ್ದರೆ ಕುಷ್ಠವನ್ನೂ ಮರೆಯಬಾರದು. ರಕ್ತದಲ್ಲಿ ಬಿ12 ಪ್ರತಿ ಮಿಲಿಲೀಟರಿಗೆ 200 ಪಿಕೋಗ್ರಾಮಿಗಿಂತ ಕೆಳಗಿದ್ದರೆ ಸಾಮಾನ್ಯವಾಗಿ ಕೊರತೆಯೆಂದೂ, 200ರಿಂದ 300ರ ನಡುವೆ ಇದ್ದರೆ ಅನುಮಾನದ ವಲಯವೆಂದೂ ಪರಿಗಣಿಸುತ್ತಾರೆ. ಅಂಥ ಅನುಮಾನದಲ್ಲಿ ಹೋಮೋಸಿಸ್ಟೀನ್ ಅಥವಾ ಮೀಥೈಲ್‌ಮೆಲೋನಿಕ್ ಆಮ್ಲದ ಮಟ್ಟ ನೋಡಿದರೆ ನಿಜ ತಿಳಿಯುತ್ತದೆ. ಪರೀಕ್ಷೆಗೆ ಮೊದಲೇ ಗಲ್ಲಿಯ ದವಾಖಾನೆಯಲ್ಲಿ ಶಕ್ತಿಯ ಕೆಂಪು ಇಂಜೆಕ್ಷನ್ ಚುಚ್ಚಿಸಿಕೊಂಡು ಬಂದರೆ ರಕ್ತದಲ್ಲಿ ಬಿ12 ತಾತ್ಕಾಲಿಕವಾಗಿ ತುಂಬಿ ಹರಿದು, ಕೊರತೆಯೇ ಇಲ್ಲವೆಂಬ ವರದಿ ಬರುತ್ತದೆ. ಆ ಇಂಜೆಕ್ಷನ್ನಿನ ಕೆಂಪು ಬಣ್ಣ ಕೋಬಾಲಮಿನ್ನಿನ ಸ್ವಂತ ಬಣ್ಣವೇ ಹೊರತು ಶಕ್ತಿಯ ಗುರುತಲ್ಲ, ಮತ್ತು ಒಂದೆರಡು ಚುಚ್ಚಿಸಿ ಹಿತವೆನಿಸಿದೊಡನೆ ನಿಲ್ಲಿಸುವುದು ಚಿಕಿತ್ಸೆಯಲ್ಲ.

ನರಗಳಿಗೆ ಹಾನಿಯಾಗಿರುವಾಗ ಒಂದು ಸಾವಿರ ಮೈಕ್ರೋಗ್ರಾಮಿನ ಇಂಜೆಕ್ಷನ್ನುಗಳನ್ನು ಮೊದಲು ಒತ್ತೊತ್ತಾಗಿ, ಬಳಿಕ ಅಂತರ ಹೆಚ್ಚಿಸುತ್ತ ಕೊಡುವುದು ಪದ್ಧತಿ. ಹೀರಿಕೆಯ ತೊಂದರೆ ಶಾಶ್ವತವಾಗಿರುವವರಿಗೆ ಅದು ಜೀವನಪೂರ್ತಿ ಬೇಕಾಗುತ್ತದೆ. ಇಂಟ್ರಿನ್ಸಿಕ್ ಫ್ಯಾಕ್ಟರ್ ಇಲ್ಲದಿದ್ದರೂ ನುಂಗಿದ ಬಿ12ರಲ್ಲಿ ಶೇಕಡ ಒಂದರಷ್ಟು ಕರುಳಿನ ಗೋಡೆಯ ಮೂಲಕ ತಾನಾಗಿ ಒಳಸೇರುವುದರಿಂದ, ದಿನಕ್ಕೆ ಸಾವಿರ ಮೈಕ್ರೋಗ್ರಾಮಿನ ಗುಳಿಗೆಯೂ ಮುಂದಿನ ಹಂತದಲ್ಲಿ ಹಲವರಿಗೆ ಸಾಕಾಗುತ್ತದೆ. ಫಲ ಕಾಣಲು ತಾಳ್ಮೆ ಬೇಕು. ತುಂಡಾದ ನರತಂತು ಮತ್ತೆ ಬೆಳೆಯುವ ವೇಗ ದಿನಕ್ಕೆ ಒಂದು ಮಿಲಿಮೀಟರಿನ ಆಸುಪಾಸು, ಅಂದರೆ ಮೊಣಕಾಲಿನಿಂದ ಬೆರಳಿನ ತುದಿಗೆ ಬರಲು ಒಂದು ವರ್ಷಕ್ಕೂ ಹೆಚ್ಚು. ಮೊದಲ ವಾರಗಳಲ್ಲಿ ಉರಿ, ಜುಮು ಹೆಚ್ಚಿದಂತೆ ಅನಿಸುವುದೂ ಉಂಟು, ಔಷಧ ಒಗ್ಗಲಿಲ್ಲವೆಂದು ಬಿಟ್ಟುಬಿಡುವವರು ಈ ಹಂತದಲ್ಲಿಯೇ ಹೆಚ್ಚು. ಸುಧಾರಣೆಯ ಬಹುಪಾಲು ಮೊದಲ ಆರು ತಿಂಗಳಿನಿಂದ ಒಂದು ವರ್ಷದೊಳಗೆ ಆಗುತ್ತದೆ. ಲಕ್ಷಣ ಕಾಣಿಸಿ ಕೆಲವೇ ತಿಂಗಳಲ್ಲಿ ಚಿಕಿತ್ಸೆ ಹಿಡಿದವರು ಬಹುತೇಕ ಮೊದಲಿನಂತಾಗುತ್ತಾರೆ, ವರ್ಷಗಟ್ಟಲೆ ತಡಮಾಡಿದವರಲ್ಲಿ ಹಾನಿ ಅಲ್ಲಿಗೇ ನಿಲ್ಲುತ್ತದೆಯೇ ಹೊರತು ಕಳೆದದ್ದೆಲ್ಲ ಮರಳುವುದಿಲ್ಲ.

ಉಳಿದದ್ದರೊಂದಿಗೆ ಬದುಕು

ಹೀಗೆ ಉಳಿದುಹೋದ ಹಾನಿಯೊಂದಿಗೆ ಬದುಕುವುದು ಬೇರೆಯೇ ಒಂದು ವಿದ್ಯೆ, ಮತ್ತು ಅದರ ಬಗ್ಗೆ ಆಸ್ಪತ್ರೆಯ ಗಡಿಬಿಡಿಯಲ್ಲಿ ಯಾರೂ ಹೆಚ್ಚು ಮಾತನಾಡುವುದಿಲ್ಲ. ನೋವು ತಿಳಿಯದ ಪಾದವೇ ನೋಯುವ ಪಾದಕ್ಕಿಂತ ಅಪಾಯಕಾರಿ. ಚಪ್ಪಲಿಯೊಳಗಿನ ಕಲ್ಲು, ಬೂಟಿನ ಹೊಲಿಗೆ, ಸ್ನಾನದ ಬಿಸಿನೀರು ಗಾಯ ಮಾಡಿದ್ದು ಕಣ್ಣಿಗೆ ಕಂಡಾಗಲೇ ಗೊತ್ತಾಗುತ್ತದೆ. ಆದ್ದರಿಂದ ರಾತ್ರಿ ಮಲಗುವ ಮುನ್ನ ಕನ್ನಡಿ ಹಿಡಿದೋ, ಮನೆಯವರಿಗೆ ತೋರಿಸಿಯೋ ಅಂಗಾಲನ್ನು ಪರೀಕ್ಷಿಸುವುದು, ನೀರಿನ ಬಿಸಿಯನ್ನು ಕಾಲಿನಿಂದಲ್ಲ ಮೊಣಕೈಯಿಂದ ನೋಡುವುದು, ಮನೆಯೊಳಗೂ ಬರಿಗಾಲಲ್ಲಿ ನಡೆಯದಿರುವುದು, ಚಪ್ಪಲಿ ಹಾಕುವ ಮೊದಲು ಕೊಡವಿ ನೋಡುವುದು ಅಭ್ಯಾಸವಾಗಬೇಕು. ದೇವಸ್ಥಾನ, ದರ್ಗಾ, ಮಸೀದಿಗಳ ಬಿಸಿಲಿಗೆ ಕಾದ ಕಲ್ಲಿನ ಮೇಲೆ ಬರಿಗಾಲಲ್ಲಿ ನಡೆದು ಬೊಬ್ಬೆ ಎದ್ದ ಮೇಲೆ ಎಚ್ಚರಗೊಳ್ಳುವುದಕ್ಕಿಂತ ಕಾಲುಚೀಲ ಧರಿಸುವುದು ಲೇಸು. ಅದಕ್ಕೆ ಯಾವ ಧರ್ಮದ ಆಕ್ಷೇಪವೂ ಇರಲಾರದು. ಮಳೆಗಾಲದಲ್ಲಿ ಈ ಭಾಗದ ರಸ್ತೆಗಳಲ್ಲಿ ಮೊಣಕಾಲುದ್ದ ನೀರು ನಿಲ್ಲುವಾಗ, ತಿಳಿಯದೆ ಆದ ಗೀರಿನ ಮೂಲಕ ಇಲಿಯ ಮೂತ್ರದಿಂದ ಹರಡುವ ಲೆಪ್ಟೊಸ್ಪೈರೋಸಿಸ್ ಜ್ವರದ ಅಣುಜೀವಿಗಳು ಒಳಸೇರುವುದರಿಂದ, ನೀರಿನಲ್ಲಿ ನಡೆದು ಬಂದವರು ಕಾಲು ತೊಳೆದು, ಬೆಳಕಿನಲ್ಲಿ ನೋಡಿ, ಗಾಯವಿದ್ದರೆ ವೈದ್ಯರನ್ನು ಕಾಣಬೇಕು.

ಲೋಕಲ್ ರೈಲು ಇಲ್ಲಿನ ಬದುಕಿನ ಅನಿವಾರ್ಯತೆ, ಮತ್ತು ಸಮತೋಲ ಕಳೆದುಕೊಂಡವರಿಗೆ ಅದೇ ಅತಿ ದೊಡ್ಡ ಪರೀಕ್ಷೆ. 2025ರ ಜೂನ್ 9ರಂದು ಮುಂಬ್ರಾದ ಬಳಿ ಎದುರುಬದುರಾಗಿ ಹಾದುಹೋದ ಎರಡು ರೈಲುಗಳ ಬಾಗಿಲಲ್ಲಿ ನೇತಾಡುತ್ತಿದ್ದ ಪ್ರಯಾಣಿಕರು ಕೆಳಗೆ ಬಿದ್ದು ಕೆಲವರು ಪ್ರಾಣ ಕಳೆದುಕೊಂಡರು. ಕಾಲಿನ ಅರಿವು ಪೂರ್ತಿ ಇರುವವರಿಗೇ ಈ ಪ್ರಯಾಣ ಇಷ್ಟು ಅಪಾಯಕಾರಿಯಾದರೆ, ಫುಟ್‌ಬೋರ್ಡಿನ ಮೇಲೆ ತನ್ನ ಕಾಲು ಎಲ್ಲಿದೆ ಎಂಬುದೇ ತಿಳಿಯದವನು ಬಾಗಿಲ ಬಳಿ ನಿಲ್ಲಲೇಕೂಡದು. ಅಂಗವಿಕಲರಿಗೆ ಮೀಸಲಾದ ಡಬ್ಬಿ ಪ್ರತಿ ಲೋಕಲಿನಲ್ಲಿಯೂ ಇದೆ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯಡಿ ಶೇ 40 ಅಥವಾ ಅದಕ್ಕಿಂತ ಹೆಚ್ಚಿನ ವೈಕಲ್ಯ ದೃಢಪಟ್ಟವರು ಸರ್ಕಾರಿ ಸೌಲಭ್ಯಗಳಿಗೆ ಅರ್ಹರಾಗುವುದರಿಂದ, ನಡಿಗೆ ಶಾಶ್ವತವಾಗಿ ಕೆಟ್ಟವರು ಸರ್ಕಾರಿ ಆಸ್ಪತ್ರೆಯಲ್ಲಿ ತಪಾಸಣೆ ಮಾಡಿಸಿ ಪ್ರಮಾಣಪತ್ರ ಕೇಳಲು ಹಿಂಜರಿಯಬಾರದು. ಮೇಲ್ನೋಟಕ್ಕೆ ಆರೋಗ್ಯವಂತರಂತೆ ಕಾಣುವವರು ಆ ಡಬ್ಬಿ ಹತ್ತಿದಾಗ ಎದುರಿಸುವ ಗದರಿಕೆಯೂ ಈ ಕಾಯಿಲೆಯ ಒಂದು ಭಾಗವೇ.

ದುಡಿಮೆಯ ಮಾತೂ ಇದೆ. ಮನೆಯಲ್ಲಿಯೇ ಹೊಲಿಗೆ, ಜರಿ, ಮಣಿ ಪೋಣಿಸುವ ಕೆಲಸ ಮಾಡಿ ತುಂಡಿನ ಲೆಕ್ಕದಲ್ಲಿ ಕೂಲಿ ಪಡೆಯುವ ಹೆಂಗಸರಿಗೆ ಬೆರಳಿನ ಸ್ಪರ್ಶ ಮಂದವಾದರೆ ಗಳಿಕೆ ನೇರವಾಗಿ ಇಳಿಯುತ್ತದೆ. ಹೋಟೆಲಿನ ಭಟ್ಟರಿಗೆ, ಬಾಣಲೆಯ ಮುಂದೆ ನಿಂತ ಕೈಗೆ, ಬಿಸಿಯ ಎಚ್ಚರಿಕೆ ಸಿಗುವುದಿಲ್ಲ. ಉರಿಯೂ ನೋವೂ ನಿದ್ದೆಗೆಡಿಸಿದಾಗ ಅಂಗಡಿಯಿಂದ ತಂದ ಸಾಧಾರಣ ನೋವಿನ ಗುಳಿಗೆಗಳಿಂದ ಹೆಚ್ಚು ಪ್ರಯೋಜನವಾಗದು, ಏಕೆಂದರೆ ಅದು ಊತದ ನೋವಲ್ಲ, ನರವೇ ತಪ್ಪು ಸಂಕೇತ ಕಳುಹಿಸುವುದರಿಂದ ಬರುವ ನೋವು. ಅದಕ್ಕೆ ಅಮಿಟ್ರಿಪ್ಟಿಲೀನ್, ಡುಲೊಕ್ಸೆಟಿನ್, ಪ್ರಿಗಬಾಲಿನ್‌ನಂಥ ಬೇರೆ ಬಗೆಯ ಔಷಧಗಳಿವೆ. ಅವುಗಳಲ್ಲಿ ಕೆಲವು ತೂಕಡಿಕೆ, ತಲೆಸುತ್ತು ತರುವುದರಿಂದ ವೈದ್ಯರು ಹೇಳಿದ ಪ್ರಮಾಣ ಮೀರುವಂತಿಲ್ಲ. ಸಮತೋಲದ ವ್ಯಾಯಾಮ, ರಾತ್ರಿಯಿಡೀ ಉರಿಯುವ ಸಣ್ಣ ದೀಪ, ಲಿಫ್ಟ್ ಇಲ್ಲದ ಕಟ್ಟಡದ ಮೆಟ್ಟಿಲಿಗೆ ಎರಡೂ ಬದಿಯ ಕೈಹಿಡಿ ಕಂಬಿ ಇವು ಔಷಧದಷ್ಟೇ ಉಪಯುಕ್ತ, ಮತ್ತು ಬೀಳುವ ಭಯದಿಂದ ಮನೆ ಹಿಡಿದು ಕೂತರೆ ಉಳಿದ ಸ್ನಾಯುಗಳೂ ಸೊರಗಿ ನಡಿಗೆ ಇನ್ನೂ ಕೆಡುತ್ತದೆ. ಬಿ12 ಕೊರತೆ ಮರೆವು, ಸಿಡುಕು, ಮಂಕುತನಗಳನ್ನೂ ತರಬಲ್ಲದು ಎಂಬುದನ್ನು ತಿಳಿದಿರುವ ಮನೆಯವರು, ಹಿರಿಯರ ಸ್ವಭಾವ ಕೆಟ್ಟಿತೆಂದು ದೂರುವ ಮೊದಲು ಒಂದು ಪರೀಕ್ಷೆ ಮಾಡಿಸುತ್ತಾರೆ.

ಸರ್ಕಾರದ ಪೋಷಣಾ ಕಾರ್ಯಕ್ರಮಗಳಲ್ಲಿ ಬಿ12ಕ್ಕೆ ಇರುವ ಜಾಗ ಬಹಳ ಕಿರಿದು. 2021ರಲ್ಲಿ ಘೋಷಣೆಯಾಗಿ 2024ರ ಹೊತ್ತಿಗೆ ದೇಶದಾದ್ಯಂತ ಹರಡಿದ ಸಾರವರ್ಧಿತ ಪಡಿತರ ಅಕ್ಕಿಗೆ ಕಬ್ಬಿಣ, ಫೋಲಿಕ್ ಆಮ್ಲಗಳ ಜೊತೆ ಬಿ12 ಸೇರಿಸುವ ನಿಯಮವಿದೆಯಾದರೂ ಪ್ರಮಾಣ ಕಿಲೋ ಒಂದಕ್ಕೆ 0.75ರಿಂದ 1.25 ಮೈಕ್ರೋಗ್ರಾಂ ಮಾತ್ರ. ದಿನಕ್ಕೆ ಕಾಲು ಕಿಲೋ ಅಕ್ಕಿ ಉಣ್ಣುವವರಿಗೆ ಇದರಿಂದ ಸಿಗುವುದು ಅಗತ್ಯದ ಹತ್ತನೇ ಒಂದು ಭಾಗದ ಆಸುಪಾಸು, ಅದನ್ನೂ ಪ್ಲಾಸ್ಟಿಕ್ ಅಕ್ಕಿಯೆಂಬ ಅನುಮಾನದಿಂದ ಆರಿಸಿ ಎಸೆಯುವ ಮನೆಗಳಿವೆ. ವಿಟಮಿನ್ ಸೇರಿಸಿದ ಪ್ಯಾಕೆಟ್ ಹಾಲಿಗೆ ಬೆರೆಸುವುದು ಎ ಮತ್ತು ಡಿ. ರಕ್ತಹೀನತೆಯ ವಿರುದ್ಧದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಹೆಂಗಸರಿಗೆ ಹಂಚುವ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ ಮತ್ತು 500 ಮೈಕ್ರೋಗ್ರಾಂ ಫೋಲಿಕ್ ಆಮ್ಲವಿದೆ, ಬಿ12 ಇಲ್ಲ. ಗರ್ಭಸ್ಥ ಶಿಶುವಿನ ನರಕೊಳವೆ ಸರಿಯಾಗಿ ಬೆಳೆಯಲು ಫೋಲಿಕ್ ಆಮ್ಲ ಬೇಕೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಫೋಲಿಕ್ ಆಮ್ಲ ರಕ್ತವನ್ನು ತಿದ್ದಿ ನರವನ್ನು ಕೈಬಿಡುತ್ತದೆಂಬುದು ಮುಕ್ಕಾಲು ಶತಮಾನದಿಂದ ತಿಳಿದಿರುವಾಗ, ಕೊರತೆ ಇಷ್ಟು ವ್ಯಾಪಕವಾಗಿರುವ ದೇಶದಲ್ಲಿ ಆ ಮಾತ್ರೆಗೆ ಬಿ12 ಸೇರದಿರುವುದಕ್ಕೆ ಸಮರ್ಥನೆ ಕಾಣುವುದಿಲ್ಲ. ಆ ಬದಲಾವಣೆ ಬರುವವರೆಗೆ ಮೆಟ್‌ಫಾರ್ಮಿನ್ ಅಥವಾ ಆಮ್ಲ ತಗ್ಗಿಸುವ ಗುಳಿಗೆಯನ್ನು ವರ್ಷಗಳಿಂದ ಸೇವಿಸುತ್ತಿರುವವರು, ಹಾಲು ಮೊಟ್ಟೆ ಮೀನುಗಳು ಅಪರೂಪವಾಗಿರುವ ಮನೆಯವರು, ಗರ್ಭಿಣಿಯರು ಮತ್ತು ಹಾಲೂಡಿಸುವ ತಾಯಂದಿರು, ಪಾದದಲ್ಲಿ ಜೋಮು ಒಂದು ತಿಂಗಳು ಮೀರಿ ಉಳಿದರೆ, ಶಕ್ತಿಯ ಇಂಜೆಕ್ಷನ್ ಚುಚ್ಚಿಸಿಕೊಳ್ಳುವ ಮೊದಲು ಬಿ12 ಪರೀಕ್ಷೆ ಮಾಡಿಸಬೇಕೆಂದು ವೈದ್ಯರನ್ನು ಕೇಳಿಕೊಳ್ಳಬೇಕು.